ಅಪ್ಪನಿಗೆ ಹೊಡೆದ ಗುಂಡು ಮಗಳಿಗೆ ತಗುಲಿತು

‘ಗಾಡ್‌ಫಾದರ್’ ಅಂದರೆ ಎಲ್ಲರೂ ಆಡುವುದು 1972 ಮತ್ತು 1974ರ ಮೊದಲೆರಡು ಸಿನಿಮಾಗಳ ಮಾತನ್ನೇ. ಮೂರನೆಯದು ಅಮೆರಿಕದಲ್ಲಿ 1990ರ ಕ್ರಿಸ್‌ಮಸ್ ದಿನ ತೆರೆಕಂಡಿತು. ಅದರ ಹೆಸರೆತ್ತಿದರೆ ಮೂಗು ಮುರಿಯುವವರೇ ಹೆಚ್ಚು. ನಾನೂ ನೋಡದೆಯೇ ಮೂಗು ಮುರಿದವನು. ಮೊನ್ನೆ ಎರಡು ರಾತ್ರಿ ಮೊಬೈಲಿನಲ್ಲಿ ನೋಡಿದ ಮೇಲೆ ಇದನ್ನು ಬರೆಯಬೇಕೆನಿಸಿತು.

ಕಥೆ ಶುರುವಾಗುವುದು 1979ರಲ್ಲಿ. ಮೈಕಲ್ ಕಾರ್ಲಿಯೋನೆಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ. ಅಣ್ಣನನ್ನೇ ಕೊಲ್ಲಿಸಿದ ಪಾಪ ಬೆನ್ನು ಬಿಟ್ಟಿಲ್ಲ. ಜೂಜು, ದಂಧೆ ಎಲ್ಲ ಬಿಟ್ಟು ಮರ್ಯಾದಸ್ಥನಾಗಲು ಚರ್ಚಿನ ದೊಡ್ಡವರ ಜೊತೆ ಕೋಟಿಗಟ್ಟಲೆ ಡಾಲರ್ ವ್ಯವಹಾರಕ್ಕೆ ಇಳಿಯುತ್ತಾನೆ. ಮೇಲೆ ಹತ್ತಿದಷ್ಟೂ ಅಲ್ಲಿ ಸಿಗುವುದು ಅದೇ ಕೊಳಕು.

ಇದು ಪೂರ್ತಿ ಕಟ್ಟುಕಥೆಯಲ್ಲ. 1978ರಲ್ಲಿ ಪೋಪ್ ಒಂದನೇ ಜಾನ್ ಪಾಲ್ ಪಟ್ಟಕ್ಕೆ ಬಂದ 33 ದಿನಕ್ಕೇ ತೀರಿಕೊಂಡರು. 1982ರಲ್ಲಿ ವ್ಯಾಟಿಕನ್ ಬ್ಯಾಂಕಿನ ನಂಟಿದ್ದ ಮಿಲಾನಿನ ಬಾಂಕೋ ಆಂಬ್ರೋಸಿಯಾನೋ ಮುಳುಗಿತು. ಅದರ ಮುಖ್ಯಸ್ಥ ರಾಬೆರ್ಟೋ ಕಾಲ್ವಿಯ ಶವ ಲಂಡನ್ನಿನ ಸೇತುವೆಯೊಂದರ ಕೆಳಗೆ ನೇತಾಡುತ್ತಿತ್ತು, ಜೇಬಿನಲ್ಲಿ ಇಟ್ಟಿಗೆ ಚೂರುಗಳು! ನಿರ್ದೇಶಕ ಕೊಪ್ಪೊಲಾ ಮತ್ತು ಕಾದಂಬರಿಕಾರ ಮಾರಿಯೋ ಪೂಜೋ ಈ ಘಟನೆಗಳನ್ನೆಲ್ಲ ಒಂದೇ ಕಾಲಕ್ಕೆ ತಂದು ಹೆಣೆದಿದ್ದಾರೆ. ಇಸವಿಗಳನ್ನು ನಂಬಬೇಡಿ, ವಾಸನೆಯನ್ನು ನಂಬಿ.

ಇನ್ನು ಬೈಗುಳದ ವಿಷಯ. ಮೈಕಲ್‌ನ ಮಗಳು ಮೇರಿಯ ಪಾತ್ರಕ್ಕೆ ಗೊತ್ತಾಗಿದ್ದವರು ವಿನೋನಾ ರೈಡರ್. ಅವರು ಕೊನೇ ಗಳಿಗೆಯಲ್ಲಿ ಹಿಂದೆ ಸರಿದಾಗ ಕೊಪ್ಪೊಲಾ ತಮ್ಮ 18ರ ಮಗಳು ಸೋಫಿಯಾಳನ್ನೇ ನಿಲ್ಲಿಸಿದರು. ವಿಮರ್ಶಕರು ಆ ಹುಡುಗಿಯನ್ನು ಹರಿದು ಹಾಕಿದರು. ಕೆಟ್ಟ ನಟನೆಗೆ ಕೊಡುವ ಅಣಕದ ಪ್ರಶಸ್ತಿಯನ್ನೂ ಕೊಟ್ಟರು. ನನಗೇನೋ ಅವಳ ತಡವರಿಕೆಯೇ ಆ ಪಾತ್ರಕ್ಕೆ ಒಪ್ಪಿದೆ. ಮೇರಿ ಏನೂ ಅರಿಯದ ಹುಡುಗಿ ತಾನೆ?

ಕೊನೆಯ ದೃಶ್ಯ ಸಿಸಿಲಿಯ ಪಾಲೆರ್ಮೋ ಊರಿನ ರಂಗಮಂದಿರದ ಮೆಟ್ಟಿಲ ಮೇಲೆ. ಒಳಗೆ ಮೈಕಲ್‌ನ ಮಗ ಹಾಡಿದ ಸಂಗೀತ ನಾಟಕ ಈಗಷ್ಟೇ ಮುಗಿದಿದೆ. ಅದೂ ಸಿಸಿಲಿಯದೇ ಒಂದು ಹಳ್ಳಿಯ ಹಗೆಯ ಕಥೆ. ಹೊರಗೆ ಮೈಕಲ್‌ಗೆಂದು ಹಾರಿಸಿದ ಗುಂಡು ಮೇರಿಯ ಎದೆಗೆ ಬೀಳುತ್ತದೆ. ಅಲ್ ಪಚೀನೋ ಬಾಯಿ ತೆರೆದು ಕಿರುಚುತ್ತಾರೆ, ಮೊದಲು ಸದ್ದೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಮ್ಮೆಲೇ ಆ ಕೂಗು ಕೇಳಿಸುತ್ತದೆ. ಇಯರ್‌ಫೋನ್ ಹಾಕಿಕೊಂಡು ನೋಡಿ.

ತನಗೆ ಬೀಳಬೇಕಿದ್ದ ಏಟು ಮಗಳಿಗೆ ಬಿತ್ತು ಎಂದು ಕೊಪ್ಪೊಲಾ ಆಮೇಲೆ ಹೇಳಿಕೊಂಡರು. ಸೋಫಿಯಾ ನಿರ್ದೇಶಕಿಯಾಗಿ, ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಚಿತ್ರದ ಚಿತ್ರಕಥೆಗೆ 2004ರಲ್ಲಿ ಆಸ್ಕರ್ ಪಡೆದರು.

2020ರಲ್ಲಿ ಅಪ್ಪ ಈ ಸಿನಿಮಾವನ್ನು ಮತ್ತೆ ಕತ್ತರಿಸಿ ಜೋಡಿಸಿ, ‘ಮೈಕಲ್ ಕಾರ್ಲಿಯೋನೆಯ ಸಾವು’ ಎಂಬರ್ಥದ ಹೆಸರಿಟ್ಟರು. ಹಳೆಯದರಲ್ಲಿ ಮುದುಕ ಮೈಕಲ್ ಅಂಗಳದಲ್ಲಿ ಕುರ್ಚಿಯಿಂದ ಉರುಳಿ ಸಾಯುತ್ತಾನೆ, ಹತ್ತಿರ ಇರುವುದು ನಾಯಿ ಮಾತ್ರ. ಹೊಸದರಲ್ಲಿ ಅವನು ಸಾಯುವುದೇ ಇಲ್ಲ. ಒಬ್ಬನೇ ಕೂತಿರುತ್ತಾನೆ.