ಪ್ಯಾರಿಸ್ಸಿನ ತಿಯೇರ್ ಪ್ರತಿಷ್ಠಾನ: ಮಹಾಪ್ರಬಂಧ ಬರೆಯುವವರಿಗಾಗಿ ಕಟ್ಟಿದ ಒಂದು ಮನೆ

ಸಂಶೋಧನ ವಿದ್ಯಾರ್ಥಿಗೆ ವೇತನವನ್ನು ಕೊಡುವ ಪದ್ಧತಿ ಇಂದು ವಿಶ್ವವಿದ್ಯಾನಿಲಯಗಳಲ್ಲಿ ರೂಢವಾಗಿದೆ. ಆದರೆ ವೇತನವನ್ನಷ್ಟೇ ಅಲ್ಲದೆ ಊಟ ವಸತಿಗಳನ್ನೂ, ಬೇರೆ ಬೇರೆ ಶಾಸ್ತ್ರಗಳಲ್ಲಿ ಮಹಾಪ್ರಬಂಧ ಬರೆಯುತ್ತಿರುವವರ ನೆರೆಯನ್ನೂ ಕೂಡಿಯೇ ಒದಗಿಸಬೇಕೆಂಬ ಆಲೋಚನೆ ಅಷ್ಟು ಸಾಮಾನ್ಯವಾದುದಲ್ಲ. ಈ ಆಲೋಚನೆ ಕಾರ್ಯರೂಪಕ್ಕೆ ಬಂದ ಒಂದು ಪ್ರಸಿದ್ಧ ನಿದರ್ಶನ 1893ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ತಿಯೇರ್ ಪ್ರತಿಷ್ಠಾನ. ಅಲ್ಲಿ ವಾಸಿಸಿದವರ ಪೈಕಿ ಕೆಲವರು ಇಪ್ಪತ್ತನೆಯ ಶತಮಾನದ ಇತಿಹಾಸ ರಚನೆಯ ದಿಕ್ಕನ್ನೇ ಬದಲಾಯಿಸಿದರು. ಈ ಬದಲಾವಣೆಯಲ್ಲಿ ಆ ಮನೆಯ ಪಾಲೆಷ್ಟು ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಅಡಾಲ್ಫ್ ತಿಯೇರ್ ಫ್ರಾನ್ಸಿನ ಮೂರನೆಯ ಗಣರಾಜ್ಯದ ಮೊದಲ ಅಧ್ಯಕ್ಷ. 1871ರ ಪ್ಯಾರಿಸ್ ಕಮ್ಯೂನನ್ನು ನಿರ್ದಯವಾಗಿ ಹತ್ತಿಕ್ಕಿದವನು. ಅದಕ್ಕೂ ಬಹಳ ಹಿಂದೆ, ಫ್ರೆಂಚ್ ಕ್ರಾಂತಿಯ ಇತಿಹಾಸವನ್ನು ಹತ್ತು ಸಂಪುಟಗಳಲ್ಲಿ ಬರೆದು ಹೆಸರು ಗಳಿಸಿದ್ದವನು. ಅವನು 1877ರಲ್ಲಿಯೂ ಅವನ ಪತ್ನಿ 1880ರಲ್ಲಿಯೂ ತೀರಿಕೊಂಡ ಮೇಲೆ ಆಸ್ತಿಯೆಲ್ಲವೂ ಪತ್ನಿಯ ತಂಗಿ ಫೆಲಿಸಿ ದೋನ್ ಎಂಬಾಕೆಯ ಕೈಸೇರಿತು. ಅವಿವಾಹಿತೆಯಾಗಿಯೇ ಉಳಿದ ಈಕೆ ಬ್ಯುಜೋ ವೃತ್ತದ ಬಳಿ ಅರಮನೆಯಂತಹ ಕಟ್ಟಡವೊಂದನ್ನು ಕಟ್ಟಿಸಿ, ಸಂಶೋಧಕರ ವಾಸಕ್ಕಾಗಿ ಬಿಟ್ಟುಕೊಟ್ಟಳು. ವರ್ಷಕ್ಕೆ ಐವರಂತೆ ಆಯ್ಕೆ. ಪ್ರತಿಯೊಬ್ಬನಿಗೂ ಮೂರು ವರ್ಷದ ವಾಸ. ಹೀಗೆ ಯಾವ ಕಾಲದಲ್ಲಿ ನೋಡಿದರೂ ಮನೆಯಲ್ಲಿ ಹದಿನೈದು ಮಂದಿ. ಊಟ, ವಸತಿ, ಕೈಖರ್ಚಿಗೆ ಒಂದಿಷ್ಟು ಹಣ. ಇದಕ್ಕೆ ಪ್ರತಿಯಾಗಿ ಪಾಠ ಹೇಳಬೇಕಾಗಿರಲಿಲ್ಲ. ತಮ್ಮ ಪ್ರಬಂಧವನ್ನು ಬರೆದರೆ ಸಾಕಾಗಿತ್ತು. ಆದರೆ ನಿವಾಸಿಗಳು ಅವಿವಾಹಿತ ಪುರುಷರಾಗಿರಬೇಕೆಂಬುದು ನಿಯಮ. ಹೆಂಗಸೊಬ್ಬಳು ಕಟ್ಟಿಸಿದ ಆ ಮನೆಯಲ್ಲಿ ಓದುವ ಹೆಂಗಸಿಗೆ ಕೋಣೆ ದೊರೆಯುತ್ತಿರಲಿಲ್ಲ.

ಈ ಏರ್ಪಾಡಿನ ಬೆಲೆ ತಿಳಿಯಬೇಕಾದರೆ ಅಂದಿನ ಫ್ರೆಂಚ್ ಡಾಕ್ಟರೇಟಿನ ಸ್ವರೂಪವನ್ನು ನೆನೆಯಬೇಕು. ಅಭ್ಯರ್ಥಿಯು ಒಂದಲ್ಲ, ಎರಡು ಪ್ರಬಂಧಗಳನ್ನು ಒಪ್ಪಿಸಬೇಕಾಗಿತ್ತು. 1903ರವರೆಗೆ ಕಿರಿಯದು ಲ್ಯಾಟಿನ್ ಭಾಷೆಯಲ್ಲಿರಬೇಕಾಗಿತ್ತು. ಹಿರಿಯ ಪ್ರಬಂಧವೋ ಅನೇಕ ವೇಳೆ ಐದಾರು ನೂರು ಪುಟಗಳನ್ನು ಮೀರುತ್ತಿತ್ತು. ಅಗ್ರೆಗಸ್ಯೋಂ ಎಂಬ ಅಧ್ಯಾಪಕ ಸ್ಪರ್ಧೆಯಲ್ಲಿ ಗೆದ್ದ ತರುಣನು ದೂರದ ಊರಿನ ಪ್ರೌಢಶಾಲೆಗೆ ನಿಯುಕ್ತನಾಗಿ, ದಿನವಿಡೀ ಪಾಠ ಹೇಳಿ, ರಜೆಯಲ್ಲಿ ಪತ್ರಾಗಾರಗಳಿಗೆ ಓಡಾಡಿ, ನಡುವಯಸ್ಸಿಗೆ ಪ್ರಬಂಧವನ್ನು ಮುಗಿಸುವುದು ವಾಡಿಕೆ. (ಈ ಚಿತ್ರವನ್ನು ನಮ್ಮ ಕಾಲೇಜುಗಳ ಉಪನ್ಯಾಸಕ ಮಿತ್ರರಿಗೆ ವಿವರಿಸಿ ಹೇಳಬೇಕಾಗಿಲ್ಲ.) ಮೂರು ವರ್ಷಗಳ ಬಿಡುವು ಎಂಬುದು ಅಂಥವರ ಪಾಲಿಗೆ ಅಸಾಮಾನ್ಯವಾದ ಕೊಡುಗೆಯಾಗಿತ್ತು.

ಇಂತಹ ವ್ಯವಸ್ಥೆಯನ್ನು ಕಂಡೊಡನೆ ನಮ್ಮ ಘಟಿಕಾಸ್ಥಾನಗಳನ್ನು, ಅದರಲ್ಲಿಯೂ 1058ರ ನಾಗಾವಿಯ ಶಾಸನವನ್ನು, ಹೋಲಿಕೆಗೆ ತರುವ ಆಸೆ ಹುಟ್ಟುವುದು ಸಹಜ. ಅನ್ನ, ವಸತಿ, ಗ್ರಂಥಭಂಡಾರ ಎರಡರಲ್ಲಿಯೂ ಉಂಟು. ಆದರೆ ಅಲ್ಲಿ ಕಲಿಸುತ್ತಿದ್ದುದು ನಿಯತವಾದ ಶಾಸ್ತ್ರಗಳನ್ನು; ಇಲ್ಲಿಯವರಾದರೋ ಇನ್ನೂ ಹುಟ್ಟದ ಗ್ರಂಥಗಳನ್ನು ಬರೆಯಲು ಕುಳಿತವರು. ಆದುದರಿಂದ ಈ ಹೋಲಿಕೆಯನ್ನು ನಾವು ಮುಂದುವರಿಸುವುದಿಲ್ಲ.

1902ರಿಂದ ಪ್ರತಿಷ್ಠಾನದ ನಿರ್ದೇಶಕನಾಗಿದ್ದವನು ತತ್ತ್ವಶಾಸ್ತ್ರಜ್ಞ ಎಮಿಲ್ ಬುತ್ರೂ. ಲೂಸಿಯೆನ್ ಫೆವ್ರ್ ಅಲ್ಲಿಗೆ ಬಂದುದು 1903ರಲ್ಲಿ; ಎರಡನೆಯ ಫಿಲಿಪ್ಪನನ್ನೂ ಫ್ರಾಂಷ್‌ಕೊಂತೆ ಪ್ರಾಂತವನ್ನೂ ಕುರಿತ ಅವನ ಪ್ರಬಂಧ 1911ರಲ್ಲಿ ಹೊರಬಂದಿತು. ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದುದು ಅನಂತರದ ತಂಡ. ಪ್ರಾಚೀನ ಗ್ರೀಸಿನ ನ್ಯಾಯ ವಿಚಾರಗಳನ್ನು ಅಭ್ಯಸಿಸುತ್ತಿದ್ದ ಲೂಯಿ ಜೆರ್ನೆ 1907ರಲ್ಲಿ ಬಂದನು. ಚೀಣಾದ ಕಡೆಗೆ ತಿರುಗಿದ ಮಾರ್ಸೆಲ್ ಗ್ರಾನೆ 1908ರಲ್ಲಿ. ಮಧ್ಯಯುಗದ ಫ್ರಾನ್ಸಿನ ಜೀತಗಾರರನ್ನು ಕುರಿತು ಬರೆಯಲು ಹೊರಟ ಮಾರ್ಕ್ ಬ್ಲಾಕ್, ಬರ್ಲಿನ್ ಲೈಪ್‌ಜಿಗ್‌ಗಳಲ್ಲಿ ಒಂದು ವರ್ಷ ಓದಿ, 1909ರಲ್ಲಿ. 1910ರವರೆಗೆ ಮೂವರೂ ಒಂದೇ ಸೂರಿನಡಿ ಇದ್ದರು. ಬ್ಲಾಕ್ ಗ್ರಾನೆಯರು ಇನ್ನೊಂದು ವರ್ಷ.

ಗ್ರಾನೆಯ ಸಂಗತಿಯನ್ನೇ ನೋಡೋಣ. ಅವನು ಇತಿಹಾಸದಲ್ಲಿ ಅಗ್ರೆಗಸ್ಯೋಂ ಪಡೆದವನು, ಊಳಿಗಮಾನ್ಯ ಪದ್ಧತಿಯಲ್ಲಿ ಆಸಕ್ತನು. ಇತರ ನಾಡುಗಳ ಊಳಿಗಮಾನ್ಯವನ್ನು ಹೋಲಿಸಿ ನೋಡಬೇಕೆಂಬ ಕುತೂಹಲದಿಂದ ಚೀಣೀ ಭಾಷೆಯನ್ನು ಶಾವಾನ್ ಎಂಬ ವಿದ್ವಾಂಸನಲ್ಲಿ ಕಲಿಯತೊಡಗಿ, ಕಡೆಗೆ ಚೀಣಾದ ಅಧ್ಯಯನದಲ್ಲಿಯೇ ನೆಲೆನಿಂತನು. ಹಳೆಯ ಚೀಣೀ ಹಾಡುಗಳಿಗೆ ವ್ಯಾಖ್ಯಾನಕಾರರು ಕಟ್ಟಿದ್ದ ನೀತಿಬೋಧೆಯ ಹೊದಿಕೆಯನ್ನು ತೆಗೆದುಹಾಕಿ, ಅವು ರೈತರ ಋತುಹಬ್ಬಗಳ ಹಾಡುಗಳೆಂದು ಅವನ ಪ್ರಬಂಧ ತೋರಿಸಿತು. ಜೆರ್ನೆ 1917ರ ತನ್ನ ಪ್ರಬಂಧದಲ್ಲಿ ಗ್ರೀಕ್ ಕಾನೂನಿನ ಶಬ್ದಗಳನ್ನು ಹಿಡಿದು ಜನರ ನೈತಿಕ ಭಾವನೆಗಳು ಬದಲಾದ ಬಗೆಯನ್ನು ಅರಸಿದನು. ಬ್ಲಾಕ್ 1924ರಲ್ಲಿ ಪ್ರಕಟಿಸಿದ ಗ್ರಂಥದ ವಸ್ತುವಾದರೋ ಮೇಲುನೋಟಕ್ಕೆ ವಿಚಿತ್ರವಾದುದು: ಫ್ರಾನ್ಸ್ ಮತ್ತು ಇಂಗ್ಲೆಂಡಿನ ದೊರೆಗಳು ಮುಟ್ಟಿದರೆ ಗಂಡಮಾಲೆ ರೋಗ ವಾಸಿಯಾಗುವುದೆಂಬ ನಂಬಿಕೆ. ಇಂತಹದನ್ನು ಮೂಢನಂಬಿಕೆಯೆಂದು ತಳ್ಳಿಬಿಡದೆ, ರಾಜತ್ವವೆಂದರೆ ಜನರು ಏನೆಂದು ತಿಳಿದಿದ್ದರೆಂಬುದಕ್ಕೆ ಅದನ್ನೇ ಆಧಾರವಾಗಿ ಅವನು ಬಳಸಿಕೊಂಡನು.

ಮೂರು ನಾಡು, ಮೂರು ಭಾಷೆ, ಮೂರು ಕಾಲ. ಆದರೆ ಕೇಳಿದ ಪ್ರಶ್ನೆ ಒಂದೇ ಬಗೆಯದು. ಸಮೂಹದ ನಂಬಿಕೆಯನ್ನು ತಪ್ಪೆಂದು ಬದಿಗಿಡದೆ ಸಾಕ್ಷ್ಯವೆಂದು ಓದುವುದು ಮೂವರಿಗೂ ಸಮಾನ. 1928ರಲ್ಲಿ ಆಸ್ಲೋ ನಗರದ ಇತಿಹಾಸ ಸಮ್ಮೇಳನದಲ್ಲಿ ಬ್ಲಾಕ್ ತುಲನಾತ್ಮಕ ಇತಿಹಾಸವನ್ನು ಪ್ರತಿಪಾದಿಸಿದುದನ್ನೂ, ಊಳಿಗಮಾನ್ಯ ಸಮಾಜವನ್ನು ಕುರಿತ ಅವನ ಕೊನೆಯ ದೊಡ್ಡ ಗ್ರಂಥದಲ್ಲಿ ಜಪಾನನ್ನು ಹೋಲಿಕೆಗೆ ತಂದುದನ್ನೂ ಓದುವಾಗ, ಪಕ್ಕದ ಕೋಣೆಯ ಗ್ರಾನೆ ನಮ್ಮ ನೆನಪಿಗೆ ಬರದಿರುವುದಿಲ್ಲ.

ಆದರೂ ಇಲ್ಲಿ ಎಚ್ಚರಿಕೆ ಬೇಕು. ಈ ಮೂವರೂ ಎಕೋಲ್ ನೊರ್ಮಾಲ್ ಎಂಬ ಒಂದೇ ವಿದ್ಯಾಶಾಲೆಯಿಂದ ಬಂದವರು; ದುರ್ಖೇಮನ ಸಮಾಜಶಾಸ್ತ್ರದ ಪ್ರಭಾವ ಮನೆಯ ಒಳಗಿದ್ದಂತೆ ಹೊರಗೂ ಇದ್ದಿತು; ಆಂರಿ ಬೆರ್ 1900ರಲ್ಲಿ ಆರಂಭಿಸಿದ ಪತ್ರಿಕೆ ಎಲ್ಲ ಶಾಸ್ತ್ರಗಳ ಸಮನ್ವಯವನ್ನೇ ಸಾರುತ್ತಿದ್ದು, ಫೆವ್ರ್ ಬ್ಲಾಕ್ ಇಬ್ಬರೂ ಅದರಲ್ಲಿ ಬರೆದವರು. ಹೀಗಿರುವಾಗ 1929ರಲ್ಲಿ ಅವರಿಬ್ಬರೂ ಸ್ಟ್ರಾಸ್‌ಬುರ್ಗಿನಲ್ಲಿದ್ದು ಹೊರಡಿಸಿದ ‘ಆನಾಲ್’ ಪತ್ರಿಕೆಯನ್ನು ತಿಯೇರ್ ಮನೆಯ ಕೂಸೆಂದು ಕರೆಯುವುದು ಅತಿಯಾದೀತು. ಅವರಿಬ್ಬರೂ ಅಲ್ಲಿ ಒಟ್ಟಿಗೆ ಇದ್ದವರೂ ಅಲ್ಲ. ನಮ್ಮ ಅಭಿಪ್ರಾಯದಲ್ಲಿ ಆ ಮನೆಯು ಹೊಸ ವಿಚಾರವನ್ನು ಕೊಡಲಿಲ್ಲ. ಹೊರಗೆ ಸಂಚರಿಸುತ್ತಿದ್ದ ವಿಚಾರವು ಮೂರು ವರ್ಷಗಳ ಕಾಲ ಪ್ರತಿದಿನವೂ ಬೇರೆ ಶಾಸ್ತ್ರದವನ ಎದುರಿನಲ್ಲಿ ಪರೀಕ್ಷೆಗೆ ಒಳಗಾಗುವಂತಹ ಅವಕಾಶವನ್ನು ಕೊಟ್ಟಿತು. ಶಾಸ್ತ್ರಗಳನ್ನು ಬೆರೆಸಬೇಕೆಂದು ಯಾರೂ ಅವರಿಗೆ ವಿಧಿಸಿರಲಿಲ್ಲವೆಂಬುದೂ ಗಮನಾರ್ಹ.

ಬ್ಲಾಕನ ಪ್ರಬಂಧ ಮಾತ್ರ ಅವನೆಣಿಸಿದಂತೆ ಮುಗಿಯಲಿಲ್ಲ. 1912ರಲ್ಲಿ ವಾಸದ ಅವಧಿ ತೀರಿ, ಮೊಂಪೆಲಿಯೇ ಮತ್ತು ಆಮಿಯೆಂ ನಗರಗಳ ಪ್ರೌಢಶಾಲೆಗಳಲ್ಲಿ ಪಾಠ ಹೇಳಿದನು. 1914ರಲ್ಲಿ ಯುದ್ಧಕ್ಕೆ ಹೋದನು. ಯೋಧರಿಗೆ ದೊರೆತ ವಿಶೇಷ ರಿಯಾಯತಿಯಂತೆ 1920ರಲ್ಲಿ ಒಪ್ಪಿಸಿದುದು, ಮೊದಲು ಯೋಜಿಸಿದುದರ ಒಂದು ತುಣುಕು.

ಹದಿನೈದು ಮಂದಿಯ ಈ ಮನೆ ಅಮೆರಿಕದಲ್ಲಿಯೂ ಅನುಕರಣೆಗೆ ಪಾತ್ರವಾಯಿತು. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಪದ್ಧತಿಯನ್ನೂ ಇದನ್ನೂ ಮಾದರಿಯಾಗಿಟ್ಟುಕೊಂಡು ಹಾರ್ವರ್ಡಿನ ಅಧ್ಯಕ್ಷ ಲೊವೆಲ್ ತನ್ನ ಸ್ವಂತ ಹಣದಿಂದ 1933ರಲ್ಲಿ ಸೊಸೈಟಿ ಆಫ್ ಫೆಲೋಸ್ ಸಂಸ್ಥೆಯನ್ನು ಸ್ಥಾಪಿಸಿದನು. ಆದರೆ ಡಾಕ್ಟರೇಟ್ ಪದವಿಯ ಬಗ್ಗೆ ಅವನಿಗೆ ತಿರಸ್ಕಾರವಿದ್ದುದರಿಂದ, ಅಲ್ಲಿಯ ಕಿರಿಯ ಫೆಲೋಗಳು ಆ ಅವಧಿಯಲ್ಲಿ ಪದವಿಗಾಗಿ ಓದಕೂಡದೆಂದು ಗೊತ್ತುಮಾಡಿದನು. ಮೊದಲ ತಂಡದಲ್ಲಿಯೇ ತರ್ಕಶಾಸ್ತ್ರದ ಕ್ವೈನ್, ಮನಶ್ಶಾಸ್ತ್ರದ ಸ್ಕಿನ್ನರ್, ಗಣಿತದ ಬರ್ಕ್‌ಹಾಫ್ ಇದ್ದರು. 1934ರಲ್ಲಿ ಸೇರಿದ ಜಾರ್ಜ್ ಹೋಮನ್ಸ್ ಹದಿಮೂರನೆಯ ಶತಮಾನದ ಇಂಗ್ಲಿಷ್ ಗ್ರಾಮಸ್ಥರನ್ನು ಕುರಿತ ಗ್ರಂಥವನ್ನು 1941ರಲ್ಲಿ ಪ್ರಕಟಿಸಿದನು. ಡಾಕ್ಟರೇಟನ್ನು ಎಂದೂ ಪಡೆಯಲಿಲ್ಲ. ಪ್ರಬಂಧಕ್ಕಾಗಿ ಕಟ್ಟಿದ ಮನೆಯಲ್ಲಿದ್ದ ಬ್ಲಾಕನ ಪ್ರಬಂಧ ತುಣುಕಾಗಿ ಉಳಿಯಿತು. ಪ್ರಬಂಧವೇ ಬೇಡವೆಂದ ಸಂಸ್ಥೆಯಲ್ಲಿದ್ದ ಹೋಮನ್ಸನ ಗ್ರಂಥವು ಯಾವ ಪರೀಕ್ಷಕನೂ ಮೆಚ್ಚುವಂತಹ ಪ್ರಬಂಧವಾಯಿತು. ಹೆಂಗಸರಿಗೆ ಹಾರ್ವರ್ಡಿನ ಈ ಬಾಗಿಲು ತೆರೆದುದು 1972ರಲ್ಲಿ.

ಪ್ಯಾರಿಸ್ಸಿನ ಆ ಕಟ್ಟಡ ಈಗ ಸಿರಿವಂತರು ತಂಗುವ ಹೋಟೆಲು. ನಮ್ಮ ದೇಶದಲ್ಲಿ ಇದಕ್ಕೆ ಸಮೀಪವಾದುದು 1965ರಲ್ಲಿ ಶಿಮ್ಲಾದ ಹಳೆಯ ವೈಸರಾಯ್ ಭವನದಲ್ಲಿ ಉದ್ಘಾಟನೆಗೊಂಡ ಉನ್ನತ ಅಧ್ಯಯನ ಸಂಸ್ಥೆ. ಆದರೆ ಅಲ್ಲಿಯ ಫೆಲೋಷಿಪ್ಪು ಬಹುಮಟ್ಟಿಗೆ ಡಾಕ್ಟರೇಟಿನ ಮುಂದಿನ ಸಂಶೋಧನೆಗೆ ಮೀಸಲು. ಪ್ರಬಂಧ ಬರೆಯುತ್ತಿರುವವರಿಗೆ ವಿದ್ಯಾರ್ಥಿನಿಲಯಗಳು ಉಂಟು. ಅಲ್ಲಿ ಇತಿಹಾಸದವನ ಪಕ್ಕದ ಕೋಣೆಯಲ್ಲಿ ರಸಾಯನಶಾಸ್ತ್ರದವನಿರುವುದೂ ಉಂಟು. ಆದರೆ ಅವನು ಪ್ರಯೋಗಾಲಯದಿಂದ ಹಿಂದಿರುಗುವುದು ರಾತ್ರಿ ಹನ್ನೊಂದಕ್ಕೆ, ಇವನು ಪತ್ರಾಗಾರಕ್ಕೆ ಹೊರಡುವುದು ಬೆಳಗಿನ ಮೊದಲ ಬಸ್ಸಿಗೆ.