ಮೇಣ ಒಳ್ಳೇದೇ, ಬತ್ತಿ ಯಾವುದು?

ಬೆಂಗಳೂರಿನ ಸಂಜಯನಗರ, ಗೆದ್ದಲಹಳ್ಳಿ ಕಡೆಯ ಒಂದು ಬಾಡಿಗೆ ಮನೆ. ಒಲೆ ಮೇಲೆ ನೀರಿನ ಪಾತ್ರೆ, ಅದರೊಳಗೆ ಇನ್ನೊಂದು ಪಾತ್ರೆ, ಅದರಲ್ಲಿ ಮೇಣ ಕರಗುತ್ತಿತ್ತು. ಕಟ್ಟೆ ಮೇಲೆ ಸಾಲಾಗಿ ಗಾಜಿನ ಲೋಟಗಳು. ಮೇಣದಬತ್ತಿ ಮಾಡುವ ಅಕ್ಕ ನಮ್ಮ ಜಿಲ್ಲೆಯವರೇ, ಮದುವೆಯಾಗಿ ಇಲ್ಲಿಗೆ ಬಂದವರು. ಕಳೆದ ದೀಪಾವಳಿಗೆ ಅವರು ಅಂಗಡಿಯೊಂದಕ್ಕೆ ಕೊಟ್ಟ ಲೋಟದ ಮೇಣದಬತ್ತಿಗಳಲ್ಲಿ ಅರ್ಧಕ್ಕರ್ಧ ವಾಪಸ್ ಬಂದಿದ್ದವು. ಮೇಣಕ್ಕೆ ಹಾಕಿದ್ದು ಸಂಘದಿಂದ ತಂದ ಸಾಲದ ದುಡ್ಡು.

"ನೋಡಿ ಅಣ್ಣ, ಹಚ್ಚಿದಾಗ ಚೆನ್ನಾಗೇ ಉರಿಯುತ್ತೆ. ಆಮೇಲೆ ಮಧ್ಯದಲ್ಲಿ ಬಾವಿ ತೋಡಿದ ಹಾಗೆ ಗುಂಡಿ ಬಿದ್ದು, ಕುಡಿ ಅದರಲ್ಲೇ ಮುಳುಗಿ ಹೋಗುತ್ತೆ. ಮೇಣ ಕಲಬೆರಕೆ ಅಂತ ಎರಡು ಸಲ ಅಂಗಡಿ ಬದಲಾಯಿಸಿದೆ."

ನಾವೂ ಮೊದಲು ಮೇಣವನ್ನೇ ಅನುಮಾನಿಸಿದೆವು. ಆಮೇಲೆ ಹಳೆಯ ಕಥೆ ಹುಡುಕುತ್ತಾ ಹೋದಾಗ ಗೊತ್ತಾಯಿತು, ಈ ತಕರಾರು ನೂರಾರು ವರ್ಷದ್ದು, ಅದರ ಪರಿಹಾರ ಸಿಕ್ಕಿದ್ದು ಮೇಣದಲ್ಲಿ ಮಾತ್ರ ಅಲ್ಲ, ಬತ್ತಿಯಲ್ಲಿ.

ನಮ್ಮ ನಾಡಿನಿಂದಲೇ ಶುರು ಮಾಡೋಣ. ಕರ್ನಾಟಕದ ಹಳೆಯ ಶಾಸನಗಳಲ್ಲಿ 'ನಂದಾದೀವಿಗೆ' ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ದೇವರ ಮುಂದೆ ಹಗಲೂ ರಾತ್ರಿ ಆರದೆ ಉರಿಯಬೇಕಾದ ದೀಪ. ಅದಕ್ಕಾಗಿ ಭೂಮಿ ಬಿಡುತ್ತಿದ್ದರು, ಗಾಣಗಳಿಂದ ಎಣ್ಣೆ ಬಿಡುತ್ತಿದ್ದರು. ಆದರೆ ಎಣ್ಣೆ ಒಂದಿದ್ದರೆ ದೀಪ ಉರಿಯುವುದಿಲ್ಲ, ನಮ್ಮ ಅಜ್ಜಿಯಂದಿರಿಗೆ ಇದು ಗೊತ್ತಿತ್ತು. ಹೊಂಗೆ ಎಣ್ಣೆ ಆಗಲಿ ಹರಳೆಣ್ಣೆ ಆಗಲಿ, ಬತ್ತಿಯ ತುದಿಗೆ ಕರಕು ಕಟ್ಟುತ್ತದೆ. ಕಡ್ಡಿಯಿಂದ ಅದನ್ನು ಕೆದಕಿ ಬೀಳಿಸಿ, ಬತ್ತಿ ಸ್ವಲ್ಪ ಮುಂದಕ್ಕೆ ಸರಿಸಿದರೆ ಕುಡಿ ಮತ್ತೆ ನೆಟ್ಟಗಾಗುತ್ತದೆ. ಹಣತೆಯ ಪಕ್ಕ ಯಾವಾಗಲೂ ಒಂದು ಕೈ ಇರಬೇಕು. ಲಾಟೀನಿಗೆ ಬತ್ತಿ ಏರಿಸಿ ಇಳಿಸುವ ತಿರುಪು ಇಟ್ಟಿದ್ದೂ ಆ ಕೈಗಾಗಿಯೇ.

ಮೇಣದಬತ್ತಿಗೆ ಕಡ್ಡಿಯೂ ಇಲ್ಲ, ತಿರುಪೂ ಇಲ್ಲ. ಯುರೋಪಿನಲ್ಲಿ ಬಡವರ ಮನೆಯಲ್ಲಿ ಉರಿಯುತ್ತಿದ್ದುದು ಕುರಿ, ದನದ ಕೊಬ್ಬಿನ ಬತ್ತಿ. ಜೇನುಮೇಣ ಚರ್ಚಿಗೆ ಮತ್ತು ಉಳ್ಳವರಿಗೆ. ಕೊಬ್ಬಿನ ಮೇಣದಬತ್ತಿಯೊಳಗೆ ಇದ್ದುದು ಹುರಿ ಹಾಕಿದ ಹತ್ತಿ ನೂಲು. ಹುರಿ ನೂಲು ಜ್ವಾಲೆಯ ನಡುವೆ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಜ್ವಾಲೆಯ ಒಳಭಾಗಕ್ಕೆ ಗಾಳಿ ಹೋಗುವುದಿಲ್ಲ, ಹಾಗಾಗಿ ನೂಲು ಸುಟ್ಟು ಬೂದಿಯಾಗದೆ ಕರಿ ಹಿಡಿದು ಉದ್ದವಾಗುತ್ತಾ ಹೋಗುತ್ತದೆ. ಹೊಗೆ, ಮಸಿ, ವಾಸನೆ. ಅದಕ್ಕೇ ಬತ್ತಿ ತುದಿ ಕತ್ತರಿಸಲು ಪುಟ್ಟ ಪೆಟ್ಟಿಗೆಯಿದ್ದ ವಿಶೇಷ ಕತ್ತರಿಗಳೇ ಇದ್ದವು. ನಾಟಕಶಾಲೆಗಳಲ್ಲಂತೂ ಆಟದ ನಡುವೆ ಬತ್ತಿ ಕತ್ತರಿಸಲಿಕ್ಕೇ ಸಂಬಳದ ಆಳು!

1825ರಲ್ಲಿ ಫ್ರಾನ್ಸಿನ ಕಾಂಬಾಸೆರೆ ಎಂಬಾತ ನೂಲನ್ನು ಹುರಿ ಹಾಕುವ ಬದಲು ಜಡೆಯಂತೆ ಹೆಣೆದ. ಇಷ್ಟೇ. ಹೆಣೆದ ಬತ್ತಿ ಉರಿಯುತ್ತಾ ಒಂದು ಪಕ್ಕಕ್ಕೆ ಬಾಗುತ್ತದೆ. ಬಾಗಿದ ತುದಿ ಜ್ವಾಲೆಯ ಅಂಚಿಗೆ ಬರುತ್ತದೆ. ಅಲ್ಲಿ ಗಾಳಿಯೂ ಇದೆ, ಕಾವೂ ಜಾಸ್ತಿ. ತುದಿ ಅಲ್ಲೇ ಸುಟ್ಟು ಉದುರಿ, ಬತ್ತಿ ತನ್ನಳತೆಗೆ ತಾನೇ ನಿಲ್ಲುತ್ತದೆ. ಕತ್ತರಿ ಹಿಡಿದ ಆಳಿನ ಕೆಲಸ ಅಲ್ಲಿಂದ ಹೋಯಿತು. ಅದೇ ವರ್ಷ ಷೆವ್ರಲ್ ಮತ್ತು ಗೇ-ಲುಸ್ಸಾಕ್ ಕೊಬ್ಬಿನಿಂದ ಗಟ್ಟಿ ಸ್ಟಿಯರಿನ್ ತೆಗೆದು ಮೇಣದಬತ್ತಿ ಮಾಡುವುದಕ್ಕೆ ಪೇಟೆಂಟ್ ಪಡೆದರು. ಮುಂದೆ ಡಿ ಮಿಲ್ಲಿ ಎಂಬಾತ ಬತ್ತಿಯನ್ನು ಬೋರಿಕ್ ಆಮ್ಲದಲ್ಲಿ ನೆನೆಸಿ ಒಣಗಿಸಿದ, ಬೂದಿಯ ಕಾಟ ಇನ್ನೂ ಕಡಿಮೆಯಾಯಿತು. ಕಲ್ಲೆಣ್ಣೆಯ ಪ್ಯಾರಾಫಿನ್ ಮೇಣ ಬಂದಿದ್ದು ಇವೆಲ್ಲ ಆದ ಮೇಲೆ.

ಇದರ ಒಳಗುಟ್ಟನ್ನು ಎಲ್ಲರಿಗೂ ಬಿಡಿಸಿ ಹೇಳಿದವರು ಮೈಕೇಲ್ ಫ್ಯಾರಡೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಿಂದ ಮೇಲೆ ಬಂದವರು. 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳ ಮುಂದೆ ಮೇಣದಬತ್ತಿಯನ್ನೇ ವಿಷಯವಾಗಿಟ್ಟುಕೊಂಡು ಆರು ಉಪನ್ಯಾಸ ಕೊಟ್ಟರು. ಮೇಲಕ್ಕೇರುವ ಗಾಳಿ ಬತ್ತಿಯ ಹೊರ ಅಂಚನ್ನು ತಂಪಾಗಿಡುತ್ತದೆ, ಹಾಗಾಗಿ ಕರಗಿದ ಮೇಣ ಬಟ್ಟಲಿನಲ್ಲಿ ನಿಂತ ಹಾಗೆ ನಿಲ್ಲುತ್ತದೆ, ನೂಲು ಅದನ್ನು ಹೀರಿ ಮೇಲಕ್ಕೆ ಕೊಡುತ್ತದೆ. ಚಂದಕ್ಕೆಂದು ಅಂಕುಡೊಂಕಾಗಿ ಮಾಡಿದ ಮೇಣದಬತ್ತಿ ಸೋರುವುದು ಯಾಕೆ ಎಂದೂ ಅವರು ಅಲ್ಲೇ ತೋರಿಸಿದರು. (ಈಗ ಮೊಬೈಲಿನಲ್ಲಿ ನೋಡಿ ಗುಲಾಬಿ ಆಕಾರದ್ದು ಮಾಡುವವರು ಇದನ್ನೊಮ್ಮೆ ಓದಬೇಕು ಅನ್ನಿಸುತ್ತದೆ.)

ಬೆಂಗಳೂರಿಗೆ ಶಿವನಸಮುದ್ರದ ಕರೆಂಟು 1905ರ ಆಗಸ್ಟ್ 5ರಂದು ಬಂತು. ಆದರೂ ಲೋಡ್ ಶೆಡ್ಡಿಂಗ್ ಕಾಲದಲ್ಲಿ ಮೇಣದಬತ್ತಿ ಪ್ರತಿ ಮನೆಯ ಗೂಡಿನಲ್ಲಿತ್ತು. ಈಗ ಪರಿಮಳಕ್ಕೆ, ಉಡುಗೊರೆಗೆ ಕೊಳ್ಳುತ್ತಾರೆ. ಕೊಳ್ಳುವವರ ಬಾಯಿ ಜೋರು, ಕುಡಿ ಸಣ್ಣಗಾದರೆ ಫೋಟೊ ತೆಗೆದು ವಾಪಸ್ ಕಳಿಸುತ್ತಾರೆ.

ಅಕ್ಕನ ಲೋಟಕ್ಕೆ ಬರೋಣ. ಅವರು ಬಳಸಿದ್ದು ಪೂಜೆಯ ದೀಪಕ್ಕೆ ಹಾಕುವ ಹುರಿ ನೂಲು, ತೆಳ್ಳಗಿನದು. ಅದು ಹೀರಿಕೊಡುವ ಮೇಣ ಕಡಿಮೆ, ಕುಡಿಯೂ ಸಣ್ಣದು, ಮೂರು ಇಂಚು ಅಗಲದ ಲೋಟದ ಅಂಚಿಗೆ ಕಾವು ತಲುಪುವುದಿಲ್ಲ. ನಡುವೆ ಗುಂಡಿ ಬಿತ್ತು, ಕರಗಿದ ಮೇಣ ಅದರಲ್ಲಿ ತುಂಬಿ ಕುಡಿಯನ್ನು ಮುಳುಗಿಸಿತು. ಹಾಗಂತ ದಪ್ಪ ಬತ್ತಿ ಹಾಕಿದರೆ? ಗಾಳಿ ಸುಡಬಲ್ಲದ್ದಕ್ಕಿಂತ ಹೆಚ್ಚು ಮೇಣ ಮೇಲೇರಿ, ಕುಡಿ ಉದ್ದವಾಗಿ ಕುಣಿಯುತ್ತದೆ, ಗಾಜಿಗೆ ಮಸಿ ಹಿಡಿಯುತ್ತದೆ. ಪರಿಮಳದ ಎಣ್ಣೆ, ಬಣ್ಣ ಜಾಸ್ತಿಯಾದರೂ ನೂಲಿನ ಬಾಯಿ ಕಟ್ಟುತ್ತದೆ.

ಹೆಣೆದ ಬತ್ತಿ ಮೂರು ಗಾತ್ರದ್ದು ತರಿಸಿದೆವು. ಹೆಣೆದ ನೂಲು ಮನೆಯಲ್ಲೇ ಇದ್ದರೆ ಒಂದೂವರೆ ಕಪ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಎರಡು ದೊಡ್ಡ ಚಮಚ ಬಿಳಿಗಾರ (ಅಕ್ಕಸಾಲಿಗರು ಬೆಸುಗೆಗೆ ಹಾಕುವುದು) ಬೆರೆಸಿ, ನೂಲನ್ನು ಒಂದು ದಿನ ನೆನೆಸಿ, ಎರಡು ದಿನ ಒಣಗಿಸಿ, ಕರಗಿದ ಮೇಣದಲ್ಲಿ ಅದ್ದಿ ನೆಟ್ಟಗೆ ಎಳೆದು ಇಡಬಹುದು. ಬಿಳಿಗಾರ ಮಕ್ಕಳ ಕೈಗೆ ಸಿಗಬಾರದು, ಅಡುಗೆ ಪಾತ್ರೆಯೂ ಬೇಡ.

ಮೇಣ, ಲೋಟ ಎಲ್ಲ ಅದೇ, ಬತ್ತಿ ಮಾತ್ರ ಬೇರೆ ಬೇರೆ. ಬತ್ತಿಯನ್ನು ಸರಿಯಾಗಿ ನಡುವೆ ನಿಲ್ಲಿಸಿ, ಕಾಲಿಂಚಿಗೆ ಕತ್ತರಿಸಿ, ಫ್ಯಾನ್ ಆರಿಸಿ ಮೂರನ್ನೂ ಹಚ್ಚಿದೆವು. ಲೋಟದ ಅಗಲ ಇಂಚಿಗೆ ಒಂದು ಗಂಟೆ ಅನ್ನುವುದು ಕಸುಬಿನವರ ಲೆಕ್ಕ. ಅಂದರೆ ಮೂರು ಗಂಟೆಯಲ್ಲಿ ಮೇಣ ಅಂಚಿನವರೆಗೆ ಕರಗಬೇಕು. ತೆಳುವಿನದು ಮತ್ತೆ ಬಾವಿ ತೋಡಿತು. ದಪ್ಪದ್ದು ಎರಡನೇ ಗಂಟೆಗೇ ಗಾಜು ಕಪ್ಪು ಮಾಡಿತು. ನಡುವಿನದರ ಕುಡಿ ಅಲುಗಾಡಲಿಲ್ಲ.

ಅಕ್ಕ ಆ ಬತ್ತಿಯ ಗಾತ್ರವನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟರು. ವಾಪಸ್ ಬಂದ ಲೋಟಗಳ ಮೇಣವನ್ನು ಕೆರೆದು ಪಾತ್ರೆಗೆ ಹಾಕಿದರು. ಅದು ಕಲಬೆರಕೆ ಆಗಿರಲಿಲ್ಲ.