ಹಗುರವಾದ ಗಾಳದ ಚರಿತ್ರೆ

ಬೆಟ್ಟದ ಮೇಲಣ ಕಿರುತೊರೆಯಲ್ಲಿ ಟ್ರೌಟ್ ಮೀನನ್ನು ಹಿಡಿಯಹೊರಟವನಿಗೆ ಎರಡು ಚಿಂತೆಗಳುಂಟು. ಹೊತ್ತ ಸಾಮಗ್ರಿಯು ಏರುದಾರಿಯಲ್ಲಿ ಭಾರವಾಗಬಾರದು. ನೀರಿನ ಮೇಲೆ ಬಿದ್ದ ದಾರವು ಮೀನನ್ನು ಬೆದರಿಸಬಾರದು. ಟ್ರೌಟ್ ತಣ್ಣೀರಿನ ಮೀನು; ತಿಳಿನೀರಿನಲ್ಲಿ ನೆರಳಾಡಿದರೂ ಓಡಿ ಅಡಗುವಂತಹುದು. ನೀರಿನಲ್ಲಿ ತೇಲಿಬರುವ ಹುಳುಗಳನ್ನು ತಿನ್ನುವ ಅದಕ್ಕೆ ಉಣ್ಣೆ ಗರಿಗಳಿಂದ ಕಟ್ಟಿದ ಹುಸಿನೊಣವನ್ನು ಒಡ್ಡುವುದೇ ಈ ವಿದ್ಯೆಯ ಮರ್ಮ. ಇದರ ಸಾಧನಗಳು ಹೇಗೆ ಹಗುರವಾದುವೆಂಬುದನ್ನು ವಿಚಾರಿಸಿದರೆ, ಹೊಸತೆನಿಸಿದ್ದು ಬಹುಮಟ್ಟಿಗೆ ಹಳೆಯದೇ ಎಂಬುದು ವ್ಯಕ್ತವಾಗುವುದು.

ಕ್ರಿ. ಶ. 200ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ರೋಮನ್ ಗ್ರಂಥಕಾರನು ಗ್ರೀಕ್ ಭಾಷೆಯಲ್ಲಿ ಪ್ರಾಣಿಗಳನ್ನು ಕುರಿತು ಒಂದು ಗ್ರಂಥವನ್ನು ರಚಿಸಿದನು. ಮ್ಯಾಸಿಡೋನಿಯದ ಆಸ್ಟ್ರೇಯಸ್ ನದಿಯಲ್ಲಿ ಚುಕ್ಕೆಮೀನುಗಳನ್ನು ಹಿಡಿಯುವವರ ವರ್ಣನೆಯು ಅದರಲ್ಲಿದೆ. ನಿಜವಾದ ನೊಣವನ್ನು ಅವರು ಒಡ್ಡುತ್ತಿರಲಿಲ್ಲ. ಕೈಸೋಕಿದೊಡನೆ ಅದರ ಬಣ್ಣಗೆಟ್ಟು ರೆಕ್ಕೆಗಳು ಹಾಳಾಗುತ್ತಿದ್ದುವು. ಆದಕಾರಣ ಗಾಳಕ್ಕೆ ಕೆಂಪುಣ್ಣೆಯನ್ನು ಸುತ್ತಿ ಹುಂಜದ ಎರಡು ಗರಿಗಳನ್ನು ಸೇರಿಸುತ್ತಿದ್ದರು. ಅವರ ಕೋಲು ಒಂದು ಮಾರು. ದಾರವೂ ಒಂದು ಮಾರು. ಅಷ್ಟೇ ಅವರ ಸಾಮಗ್ರಿ.

ಶತಮಾನಗಳು ಕಳೆದಂತೆ ಕೋಲು ಬೆಳೆಯಿತು. ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ನನ ಗ್ರಂಥಕ್ಕೆ 1676ರಲ್ಲಿ ಎರಡನೆಯ ಭಾಗವನ್ನು ಬರೆದ ಚಾರ್ಲ್ಸ್ ಕಾಟನ್ನನು, ಕೋಲಿನ ಉದ್ದವನ್ನು ಹೊಳೆಯ ಅಗಲವೇ ನಿರ್ಣಯಿಸಬೇಕೆಂದು ಹೇಳಿ, ಟ್ರೌಟ್ ಹೊಳೆಗೆ 5-6 ಗಜ ಸಾಕೆಂದನು. 15ರಿಂದ 18 ಅಡಿಯ ಕೋಲೇ ಆಗ ಮಿತವೆನಿಸಿತ್ತು!

1857ರಲ್ಲಿ ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟುವರ್ಟ್ ಎಂಬಾತನು ಬೇರೊಂದು ವಾದವನ್ನು ಮಂಡಿಸಿದನು. ಟ್ರೌಟ್ ಪ್ರವಾಹಕ್ಕೆ ಎದುರಾಗಿ ಮುಖಮಾಡಿ ನಿಲ್ಲುವುದರಿಂದ, ಕೆಳಗಿನಿಂದ ಮೇಲಕ್ಕೆ ನಡೆದು ಹಿಂದಿನಿಂದ ಸಮೀಪಿಸಿದವನು ಅದಕ್ಕೆ ಕಾಣನು. ಹತ್ತಿರ ಹೋಗಬಲ್ಲವನಿಗೆ ದೂರಕ್ಕೆ ಎಸೆಯುವ ನೀಳವಾದ ಕೋಲೇಕೆ? ಒಂದೇ ಕೈಯಲ್ಲಿ ಹಿಡಿಯುವ ಗಿಡ್ಡನೆಯ ಬಿಗಿಕೋಲು, ಕೆಲವೇ ಬಗೆಯ ಹುಸಿನೊಣಗಳು ಇಷ್ಟೇ ಸಾಕೆಂದು ಅವನ ಮತ. ಹೀಗೆ ನಡಿಗೆಯ ಜಾಣ್ಮೆಯು ಹೊರೆಯನ್ನು ಇಳಿಸಿತು.

ಮುಂದೆ 1870ರ ದಶಕದಲ್ಲಿ ಅಮೆರಿಕದ ಹೈರಮ್ ಲೆನಾರ್ಡನು ಬಿದಿರನ್ನು ಸೀಳಿ, ಆರು ಪಟ್ಟಿಗಳನ್ನು ಅಂಟಿಸಿ ಕೋಲುಗಳನ್ನು ಮಾಡುವುದರಲ್ಲಿ ಪ್ರಖ್ಯಾತನಾದನು. ಆ ಕಾಲದ ಕುಶಲಕರ್ಮಿಗಳಿಗೆ ಒದಗಿದ ಬಿದಿರು ಕಲ್ಕತ್ತೆಯ ಹೆಸರಿನಿಂದಲೇ ಪ್ರಸಿದ್ಧವಾಗಿತ್ತು. 1970ರ ದಶಕದಲ್ಲಿ ಇಂಗಾಲದ ಎಳೆಗಳ ಕೋಲು ಬಂದು ತೂಕವು ಮತ್ತಷ್ಟು ಇಳಿಯಿತು.

ಇತ್ತ ಜಪಾನಿನ ಕಡಿದಾದ ಕಣಿವೆಗಳಲ್ಲಿ ಮೀನು ಹಿಡಿದು ಛತ್ರಗಳಿಗೆ ಮಾರಿ ಜೀವಿಸುತ್ತಿದ್ದ ಬೆಟ್ಟದ ಜನರು ದಾರ ಸುತ್ತುವ ರಾಟೆಯನ್ನು ಬಳಸಲೇ ಇಲ್ಲ. ಬಿದಿರ ಕೋಲಿನ ತುದಿಗೆ ಕುದುರೆಗೂದಲ ದಾರ, ಅದರ ಕೊನೆಗೊಂದು ಹುಸಿನೊಣ. ಬಂಡೆಯಿಂದ ಬಂಡೆಗೆ ದಾಟುವವನಿಗೆ ಹೆಚ್ಚಿನ ಹೊರೆಯು ಹೊಟ್ಟೆಪಾಡಿಗೇ ಅಡ್ಡಿ. ತೆಂಕಾರ ಎಂಬ ಈ ಪದ್ಧತಿಯ ಸಾಧನಗಳ ವ್ಯಾಪಾರವನ್ನು 2009ರಲ್ಲಿ ಡೇನಿಯಲ್ ಗಲ್ಹಾರ್ಡೊ ಅಮೆರಿಕದಲ್ಲಿ ಆರಂಭಿಸಿದನು. ಒಂದರೊಳಗೊಂದು ಸೇರುವ ಆ ಕೋಲುಗಳು ಬಿಚ್ಚಿದರೆ ಸುಮಾರು 12 ಅಡಿ. ಮಡಿಸಿದರೆ ಜೋಳಿಗೆಯಲ್ಲಿ ಅಡಗುವುವು.

ಆದುದರಿಂದ ಸಾಧನವನ್ನು ಆಯುವವನು ಮೊದಲು ತೊರೆಯನ್ನು ನೋಡತಕ್ಕದ್ದು. ಕೊಂಬೆಗಳು ಬಾಗಿದ ಕಡೆ ಗಿಡ್ಡಕೋಲು ಹಿತ. ಬಂಡೆಗಳ ನಡುವಣ ಬಯಲು ಮಡುವಿನಲ್ಲಿ ದಾರವನ್ನು ಸೆಳವಿಗೆ ಸಿಕ್ಕದಂತೆ ಮೇಲೆತ್ತಿ ಹಿಡಿಯಲು ನೀಳಕೋಲು ಹಿತ. ಅಂಗಡಿಯವನು ಕೊಡಬಲ್ಲ ಹಗುರತನಕ್ಕೆ ಮಿತಿಯುಂಟು. ಮಿಕ್ಕದ್ದನ್ನು ಮೀನಿನ ಸ್ವಭಾವವನ್ನು ಬಲ್ಲವನು ತಾನೇ ಗಳಿಸಬೇಕು. ಅದನ್ನು ಬಲ್ಲವರಾದುದರಿಂದಲೇ ಆಸ್ಟ್ರೇಯಸ್ ತೀರದವರಿಗೆ ಒಂದು ಮಾರಿನ ಕೋಲು ಸಾಕಾಗಿತ್ತು.